ಮುಚ್ಚದೆ ಉಳಿದ ಡಿಸ್ಕು

ನಮ್ಮ ಸೋದರಮಾವನವರು ಕುಮಾರವ್ಯಾಸಭಾರತದ ಗಮಕವಾಚನಕ್ಕೆ ಈ ಸೀಮೆಯಲ್ಲಿ ಹೆಸರಾಗಿದ್ದರು. 2009ರ ಆಷಾಢದಲ್ಲಿ ದೂರದರ್ಶನದ ಚಂದನ ವಾಹಿನಿಯಲ್ಲಿ ಅವರ ವಾಚನವು ಪ್ರಸಾರವಾದಾಗ, ಸಕಲೇಶಪುರದ ನಮ್ಮ ಮನೆಯಲ್ಲಿ ಡಿ.ವಿ.ಡಿ. ರೆಕಾರ್ಡರಿನಿಂದ ಅದನ್ನು ಡಿಸ್ಕಿಗೆ ಇಳಿಸಿಕೊಂಡೆವು. ಹೊರಗೆ ಜಡಿಮಳೆ, ವಿದ್ಯುತ್ತು ಹೋದೀತೆಂಬುದೊಂದೇ ನಮ್ಮ ಭಯ. ವಾಚನವು ನಿರ್ವಿಘ್ನವಾಗಿ ಮುಗಿಯಿತು. ನಮ್ಮ ಯಂತ್ರದಲ್ಲಿಯೇ ಹಾಕಿ ನೋಡಿ ಹಿಗ್ಗಿ, ಡಿಸ್ಕನ್ನು ಆಲೂರಿಗೆ ಅತ್ತೆಯವರ ಬಳಿಗೆ ಕಳುಹಿಸಿದೆವು. ಅವರ ಪ್ಲೇಯರಿಗೆ ಅದು ಬರಿಯ ಖಾಲಿ ಡಿಸ್ಕಾಗಿ ತೋರಿತು.

ಕಾರಣವಿಷ್ಟೆ. ಕಾರ್ಯಕ್ರಮವನ್ನು ತುಂಬಿದ ಬಳಿಕ ‘ಫೈನಲೈಸ್’ ಎಂಬ ಕ್ರಿಯೆಯೊಂದನ್ನು ನಡೆಸಬೇಕು. ಆಗ ಯಂತ್ರವು ಒಳಗಿರುವುದರ ಅನುಕ್ರಮಣಿಕೆಯನ್ನು ಬರೆದು ಡಿಸ್ಕನ್ನು ಮುಚ್ಚುವುದು. ಸಾಮಾನ್ಯವಾಗಿ ಅನಂತರವೇ ಇತರ ಪ್ಲೇಯರುಗಳು ಅದನ್ನು ಓದಬಲ್ಲವು. ಲಿಪಿಕಾರನು ಕಡೆಯ ಮಂಗಳವನ್ನು ಬರೆಯದಿದ್ದರೂ ತಾಳೆಗರಿಯ ಗ್ರಂಥವನ್ನು ಓದಬಹುದು; ಡಿಸ್ಕಿಗೆ ಆ ಸೌಭಾಗ್ಯವಿಲ್ಲ. ಕೆಲವು ನಿಮಿಷಗಳ ಕೆಲಸವಿದು. ಆದರೆ ಒಮ್ಮೆ ಮುಚ್ಚಿದ ಡಿ.ವಿ.ಡಿ.-ಆರ್ ಡಿಸ್ಕಿಗೆ ಮತ್ತೇನನ್ನೂ ತುಂಬಲಾಗದು. ಎರಡು ಗಂಟೆ ಹಿಡಿಸುವ ಡಿಸ್ಕಿನಲ್ಲಿ ಅರ್ಧ ಗಂಟೆಯಷ್ಟೇ ತುಂಬಿತ್ತು. ಉಳಿದ ಸ್ಥಳದ ಆಸೆಯಿಂದ, ಲೋಭವೆಂದರೂ ಸರಿಯೆ, ನಾವು ಮುಚ್ಚಲಿಲ್ಲ.

ಡಿಸ್ಕು ಹಿಂದಿರುಗುವಷ್ಟರಲ್ಲಿ ವಿದ್ಯುತ್ತಿನ ಏರುಪೇರಿಗೆ ಸಿಕ್ಕಿ ರೆಕಾರ್ಡರು ಕೆಟ್ಟಿತ್ತು. ಕಾರ್ತಿಕದಲ್ಲಿ ಮಾವನವರು ತೀರಿಕೊಂಡರು. ಅದೇ ತಯಾರಿಕೆಯ, ಅದೇ ಮಾದರಿಯ ಯಂತ್ರವೊಂದು ದೊರೆತರೆ ಡಿಸ್ಕನ್ನು ಇನ್ನೂ ಮುಚ್ಚಬಹುದೆಂದು ಬಲ್ಲವರು ಹೇಳುವರು. ಪರಿಚಿತರ ಅಟ್ಟಗಳನ್ನೆಲ್ಲ ವಿಚಾರಿಸುತ್ತಲೇ ಇರುವೆವು. ಬಿಸಿಲೂ ತೇವವೂ ತಗಲದಂತೆ ಅತ್ತೆಯವರು ಡಿಸ್ಕನ್ನು ತಮ್ಮ ಪೆಟ್ಟಿಗೆಯಲ್ಲಿರಿಸಿಕೊಂಡಿರುವರು. ನಾವು ಹೋದಾಗಲೆಲ್ಲ, ‘ಯಂತ್ರ ಸಿಕ್ಕಿತೇನಪ್ಪ?’ ಎಂದು ಕೇಳುವರು.