ಡೈನೋಸಾರ್ ಎರಡನೇ ಸಲ ಸತ್ತಿದ್ದು

ದೀಪಾವಳಿಗೆ ಅಕ್ಕನ ಮನೆಗೆ ಹೋಗಿದ್ದೆ. ಚಪ್ಪಲಿ ಬಿಡೋ ಮೊದಲೇ ಅವಳ ಮಗಳು ಒಂದು ಪುಸ್ತಕ ಹಿಡಿದು ಓಡಿ ಬಂದಳು. "ಮಾವ, ಇದರಲ್ಲಿ ಡೈನೋಸಾರ್ ಬರ್ತಾನೇ ಇಲ್ಲ, ಸರಿ ಮಾಡ್ಕೊಡು."

ನಾನೇ ಕೊಡಿಸಿದ್ದ ಪುಸ್ತಕ. ನಾಲ್ಕು ವರ್ಷದ ಹಿಂದೆ, ಒಂದು ಮಾಲಿನಲ್ಲಿ, 899 ರೂಪಾಯಿಗೆ. ಆಗ್ಮೆಂಟೆಡ್ ರಿಯಾಲಿಟಿ ಪುಸ್ತಕ: ಆ್ಯಪ್ ಹಾಕಿಕೊಂಡು ಪುಟದ ಮೇಲೆ ಫೋನ್ ಹಿಡಿದರೆ, ಅನ್ನದ ಪಾತ್ರೆಯ ಪಕ್ಕದಲ್ಲೇ ಟಿ. ರೆಕ್ಸ್ ಎದ್ದು ನಿಂತು ಘರ್ಜಿಸುತ್ತಿತ್ತು. ಮನೆಯವರೆಲ್ಲ ಚಪ್ಪಾಳೆ ತಟ್ಟಿದ್ದರು. ಆಗ ಮಗುವಿಗೆ ಓದೋಕೆ ಬರುತ್ತಿರಲಿಲ್ಲ. ಈಗ ಬರುತ್ತೆ. ಆದರೆ ಪುಸ್ತಕದಲ್ಲಿ ಓದೋಕೆ ಏನೂ ಇಲ್ಲ! ಪುಟಕ್ಕೊಂದು ದೊಡ್ಡ ಚಿತ್ರ, ಕೆಳಗೆ ಒಂದು ಹೆಸರು, ಮೂಲೆಯಲ್ಲಿ "ಇಲ್ಲಿ ಸ್ಕ್ಯಾನ್ ಮಾಡಿ". ಆ್ಯಪ್ ಹುಡುಕಿದೆ. ಸ್ಟೋರಿನಲ್ಲಿ ಇಲ್ಲ.

ನನಗೆ ಇದು ಆಶ್ಚರ್ಯ ಆಗಬಾರದಿತ್ತು. ನನ್ನ ಹೊಟ್ಟೆಪಾಡೇ ಆ್ಯಪ್ ಬರೆಯೋದು. ಆಂಡ್ರಾಯ್ಡ್ ಹೊಸ ಆವೃತ್ತಿ ಬಂದಾಗಲೆಲ್ಲ ಆ್ಯಪನ್ನೂ ಅದಕ್ಕೆ ತಕ್ಕಂತೆ ತಿದ್ದುತ್ತಾ ಇರಬೇಕು, ಬಿಟ್ಟರೆ ಸ್ವಲ್ಪ ಸಮಯದಲ್ಲಿ ಹೊಸ ಫೋನುಗಳ ಪ್ಲೇ ಸ್ಟೋರಿನಲ್ಲಿ ಅದು ಕಾಣೋದೇ ಇಲ್ಲ. ಐಫೋನ್ ಕಥೆಯೂ ಬೇರೆಯೇನಲ್ಲ: 2017ರಲ್ಲಿ ಐಒಎಸ್ 11 ಬಂದ ದಿನ ಹಳೆಯ 32-ಬಿಟ್ ಆ್ಯಪ್‌ಗಳೆಲ್ಲ ಒಟ್ಟಿಗೇ ನಿಂತವು. ಕೆಳಗಿನ ಅಡಿಪಾಯವೂ ಗಟ್ಟಿಯಿಲ್ಲ. ಎಆರ್ ಸಾಫ್ಟ್‌ವೇರ್ ಮಾಡುತ್ತಿದ್ದ ಜರ್ಮನಿಯ ಮೆಟಾಯೋ ಕಂಪನಿಯನ್ನು 2015ರಲ್ಲಿ ಆ್ಯಪಲ್ ಕೊಂಡುಕೊಂಡಿತು, ಹೊರಗಿನವರಿಗೆ ಬಾಗಿಲು ಮುಚ್ಚಿತು. ಗೂಗಲ್ ತನ್ನ ಟ್ಯಾಂಗೋವನ್ನು 2018ರಲ್ಲಿ ನಿಲ್ಲಿಸಿತು. 2025ರ ಜನವರಿಯಲ್ಲಿ ಮೆಟಾ ಸ್ಪಾರ್ಕ್ ಮುಚ್ಚಿತು. ಇಂಥ ಅಡಿಪಾಯದ ಮೇಲೆ ಕಟ್ಟಿದ್ದನ್ನು ಗಟ್ಟಿ ರಟ್ಟಿನ ಬೈಂಡ್ ಹಾಕಿ "ಪುಸ್ತಕ" ಅಂತ ಮಾರ್ತಾರಲ್ಲ, ಅದಕ್ಕೆ ನನ್ನ ತಕರಾರು.

ನಮ್ಮ ತಾತನ ಮನೆಯಲ್ಲಿ ಶಿವರಾಮ ಕಾರಂತರ 'ಬಾಲಪ್ರಪಂಚ' ಇತ್ತು. ಸ್ವಾತಂತ್ರ್ಯಕ್ಕೂ ಮೊದಲು ಕಾರಂತರು ಮಕ್ಕಳಿಗೆಂದು ಬರೆದ ವಿಶ್ವಕೋಶ. ನಮ್ಮ ಪ್ರತಿಗೆ ಹುಳ ತೂತು ಮಾಡಿತ್ತು, ಹಾಳೆ ಕಂದಿತ್ತು. ಆದರೂ ತೆರೆದರೆ ತೆರೆದುಕೊಳ್ಳುತ್ತಿತ್ತು. ಅದಕ್ಕೆ ಯಾರ ಸರ್ವರ್ ಅಪ್ಪಣೆಯೂ ಬೇಕಿರಲಿಲ್ಲ.

"ಸುಮ್ನಿರೋ, ಮಕ್ಕಳು ಪುಸ್ತಕ ಮುಟ್ಟೋದೇ ಇಲ್ಲ, ಈ ನೆಪದಲ್ಲಾದ್ರೂ ಮುಟ್ಟಲಿ" ಅಂತಾನೆ ಆಫೀಸಿನ ಗೆಳೆಯ. ಒಪ್ಪಬಹುದಿತ್ತು, ಮಗು ನೋಡುತ್ತಿದ್ದದ್ದು ಪುಸ್ತಕವನ್ನೇ ಆಗಿದ್ದರೆ. ಅವಳ ಕಣ್ಣೆಲ್ಲ ಫೋನಿನಲ್ಲಿ, ಪುಸ್ತಕ ಬರೀ ಚಾಪೆ. ಕ್ಯಾಮೆರಾಕ್ಕೂ ಅಕ್ಷರ ಬೇಕಿಲ್ಲ ಕಣ್ರೀ. ಅದು ಹುಡುಕೋದು ಚಿತ್ರದಲ್ಲಿ ಎದ್ದು ಕಾಣುವ ಮೂಲೆಗಳನ್ನು, ಕಪ್ಪು-ಬಿಳಿ ಗಾಢವಾಗಿ ಸೇರುವ ಜಾಗಗಳನ್ನು. ಅವು ಸಿಕ್ಕರೆ ಪುಟದ ಗುರುತು ಸಿಕ್ಕಿತು, ಕೆಲಸ ಮುಗೀತು. ಹಾಗಾಗಿ ಚಿತ್ರ ತುಂಬಿಕೊಳ್ಳುತ್ತೆ, ಬರಹ ಸೊರಗುತ್ತೆ, ಬರೆಯುವವರಿಗೆ ಕೊಡಬೇಕಿದ್ದ ದುಡ್ಡು ಮಾಡೆಲಿಂಗಿಗೆ ಹೋಗುತ್ತೆ. ಬರೀ ಡೈನೋಸಾರ್ ಬೇಕಿದ್ದರೆ 2020ರಲ್ಲೇ ಗೂಗಲ್ ಸರ್ಚ್ ಅದನ್ನು ಪುಕ್ಕಟೆಯಾಗಿ, ಯಾವ ಪುಸ್ತಕವೂ ಇಲ್ಲದೆ, ಹಾಲ್‌ಗೆ ತಂದು ನಿಲ್ಲಿಸಿತ್ತು.

ಎಲ್ಲವನ್ನೂ ಒಂದೇ ಕೋಲಿನಲ್ಲಿ ಹೊಡೆಯುತ್ತಿಲ್ಲ. ಹೃದಯದ ಕವಾಟ ಹೇಗೆ ತೆರೆದು ಮುಚ್ಚುತ್ತೆ ಅನ್ನೋದನ್ನು ಚಪ್ಪಟೆ ಚಿತ್ರದಲ್ಲಿ ಹಿಡಿಯೋದು ಕಷ್ಟ, ತಿರುಗಿಸಿ ನೋಡಿದರೆ ಥಟ್ಟನೆ ಹೊಳೆಯುತ್ತೆ. 2012ರಲ್ಲಿ ಅಮೆರಿಕದ ಅಮರಾಂತ್ ಬೋರ್ಸುಕ್ ಮತ್ತು ಬ್ರಾಡ್ ಬೌಸ್ ತಂದ 'ಬಿಟ್ವೀನ್ ಪೇಜ್ ಆ್ಯಂಡ್ ಸ್ಕ್ರೀನ್' ಎಂಬ ಕವನ ಪುಸ್ತಕದಲ್ಲಂತೂ ಕವಿತೆಯ ಜಾಗದಲ್ಲಿ ಕಪ್ಪು-ಬಿಳಿ ಚೌಕಗಳಷ್ಟೇ ಇವೆ. ವೆಬ್‌ಕ್ಯಾಮಿಗೆ ಹಿಡಿದಾಗ ಅಕ್ಷರ ಏಳುತ್ತೆ. ಪುಟ ಮತ್ತು ಪರದೆಯ ಸಂಬಂಧವೇ ಅದರ ವಸ್ತು. ಅದಕ್ಕೆ ಎಆರ್ ಬೇಕೇ ಬೇಕು. ನಮ್ಮ ಮಾಲಿನ ಪುಸ್ತಕಕ್ಕೆ ಬೇಕಿತ್ತಾ?

ಈಗ ನನ್ನ ಪಾಲಿನ ತಪ್ಪನ್ನೂ ಹೇಳಿಬಿಡ್ತೀನಿ. ಹಿಂದಿನ ಕಂಪನಿಯಲ್ಲಿದ್ದಾಗ ಒಬ್ಬ ಪ್ರಕಾಶಕರಿಗೆ ಇಂಥದ್ದೇ ಒಂದು ಆ್ಯಪ್ ಮಾಡಿಕೊಟ್ಟೆ. ಪ್ರಾಣಿಗಳ ಪುಸ್ತಕ. ಮೀಟಿಂಗಿನಲ್ಲಿ "ಮೇಂಟೆನೆನ್ಸ್ ಯಾರು ನೋಡ್ಕೋತಾರೆ?" ಅಂತ ಕೇಳಿದ್ದೆ. "ಒಂದು ವರ್ಷ ಸಾಕು ಬಿಡಿ, ಅಷ್ಟರಲ್ಲಿ ಸ್ಟಾಕ್ ಖಾಲಿ ಆಗಿರುತ್ತೆ" ಅಂದರು. ನಾನು ತಲೆಯಾಡಿಸಿ ಕೋಡ್ ಬರೆದೆ. ಆ ಹಣದಲ್ಲಿ ಒಂದು ಸಲ ಗೋಕರ್ಣಕ್ಕೂ ಹೋಗಿಬಂದೆ.

ಹಾಲಿನ ಪ್ಯಾಕೆಟ್ಟಿನ ಮೇಲೂ ಎಲ್ಲಿಯವರೆಗೆ ಬಳಸಬಹುದು ಅಂತ ದಿನಾಂಕ ಇರುತ್ತೆ. ಈ ಪುಸ್ತಕಗಳ ಬೆನ್ನ ಮೇಲೂ ಹಾಕಲಿ: ಆ್ಯಪ್ ಇಂಥ ವರ್ಷದವರೆಗೆ ನಡೆಯುತ್ತೆ, ಆಮೇಲೆ ಇಲ್ಲ. ಜೊತೆಗೆ, ಆ್ಯಪ್ ನಿಂತ ಮೇಲೂ ಎಂಟು ವರ್ಷದ ಮಗು ಕೂತು ಓದುವಷ್ಟು ಅಕ್ಷರ ಪ್ರತಿ ಪುಟದಲ್ಲೂ ಇರಲಿ. ಕೊಳ್ಳುವವರೂ ಅಂಗಡಿಯಲ್ಲೇ ಫೋನ್ ಜೇಬಿಗೆ ಹಾಕಿ ಎರಡು ಪುಟ ಓದಿ ನೋಡಿ. ನಾನು ಆ್ಯಪ್ ಮಾಡಿಕೊಟ್ಟ ಪ್ರಾಣಿಗಳ ಪುಸ್ತಕಕ್ಕೆ ಅಂಥ ದಿನಾಂಕ ಇದ್ದಿದ್ದರೆ ಅದು ಎಂದೋ ದಾಟಿರುತ್ತಿತ್ತು. ಮೊನ್ನೆ ನೋಡಿದೆ, ಅಂಗಡಿಯಲ್ಲಿ ಇನ್ನೂ ಇಟ್ಟಿದ್ದಾರೆ.