ಮನೆಯೊಳಗಿನ ಬಿರುಕನ್ನು ಕಂಡ ಒಡಿಯಾ ಸಿನಿಮಾ

ಒಡಿಯಾದ ಮೊದಲ ವಾಕ್ಚಿತ್ರ ‘ಸೀತಾ ಬಿಬಾಹ’ ತೆರೆಕಂಡದ್ದು 1936ರಲ್ಲಿ. ಆ ಬಳಿಕ ಬಹುಕಾಲ ಒಡಿಶಾದ ಚಿತ್ರತಯಾರಕರು ಸ್ಟುಡಿಯೊಗೂ ಲ್ಯಾಬಿಗೂ ಕಲ್ಕತ್ತಾ, ಮದರಾಸುಗಳನ್ನೇ ನೆಚ್ಚಿಕೊಳ್ಳಬೇಕಿತ್ತು. 1976ರಲ್ಲಿ ಮೊದಲ ವರ್ಣಚಿತ್ರ ‘ಗಪ ಹೇಲೆ ಬಿ ಸತ’ ಬಂತು. ಅದೇ ವರ್ಷ ರಾಜ್ಯದ ಚಲನಚಿತ್ರ ಅಭಿವೃದ್ಧಿ ನಿಗಮವೂ ಹುಟ್ಟಿತು. ಮುಂದೆ ಭುವನೇಶ್ವರದಲ್ಲಿ ಕಳಿಂಗ ಸ್ಟುಡಿಯೊ ತಲೆಯೆತ್ತಿತು. ಎಂಬತ್ತರ ದಶಕದಲ್ಲಿ ಉತ್ತಮ್ ಮೊಹಾಂತಿ, ಅಪರಾಜಿತಾ ಜೋಡಿಯ ಚಿತ್ರಗಳಿಗೆ ಜನ ಮುಗಿಬಿದ್ದರು.

ಇದೇ ಹೊತ್ತಿಗೆ ಪುಣೆಯ ಫಿಲ್ಮ್ ಇನ್‌ಸ್ಟಿಟ್ಯೂಟಿನಲ್ಲಿ ಕಲಿತವರು ಬೇರೊಂದು ದಾರಿ ತೆರೆದರು. ಮನಮೋಹನ ಮಹಾಪಾತ್ರರ ‘ಸೀತ ರಾತಿ’ಯಲ್ಲಿ ಜಾತಿ, ಅಂತಸ್ತುಗಳು ಹಳ್ಳಿಯ ಪ್ರೇಮಕ್ಕೆ ಅಡ್ಡ ನಿಲ್ಲುತ್ತವೆ, ‘ನೀರಬ ಝಡ’ದಲ್ಲಿ ಸಾಲಕ್ಕೆ ಸಿಕ್ಕ ರೈತರ ಬವಣೆಯಿದೆ. ಒಡಿಯಾದ ಅತ್ಯುತ್ತಮ ಚಿತ್ರಕ್ಕೆ ಸಲ್ಲುವ ರಾಷ್ಟ್ರಪ್ರಶಸ್ತಿ ಆ ದಶಕದಲ್ಲಿ ಅವರಿಗೆ ಮತ್ತೆ ಮತ್ತೆ ಒಲಿಯಿತು.

ಈ ಧಾರೆಯ ಶಿಖರ ನೀರದ ಮಹಾಪಾತ್ರರ ‘ಮಾಯಾ ಮಿರಿಗ’ (1984). ಪುರಿಯ ಹಳೆಯ ಮನೆ, ನಿವೃತ್ತಿಯ ಅಂಚಿನ ಹೆಡ್‌ಮಾಸ್ತರ, ಅವರ ತುಂಬು ಕುಟುಂಬ. ಎರಡನೆಯ ಮಗ ಐಎಎಸ್ ಪಾಸಾಗಿ, ಸಿರಿವಂತರ ಹೆಣ್ಣನ್ನು ಮದುವೆಯಾಗಿ ದೂರ ಸರಿಯುತ್ತಾನೆ. ಅಡುಗೆಮನೆಯ ದುಡಿತವೆಲ್ಲ ಹಿರಿಯ ಸೊಸೆಯ ಹೆಗಲಿಗೇ ಬೀಳುತ್ತದೆ. ಇಲ್ಲಿ ಖಳನಿಲ್ಲ, ತಾರೆಯರಿಲ್ಲ. ಮಕ್ಕಳನ್ನು ಓದಿಸಿ ಮೇಲೆ ತಂದ ಆಸೆಯೇ ಮನೆಯನ್ನು ಒಡೆಯುತ್ತದೆ. ದೂರುವುದಕ್ಕೆ ಯಾರೂ ಸಿಗದಿರುವುದೇ ಈ ಚಿತ್ರದ ನೋವು, ಅದರ ದೊಡ್ಡತನ ಕೂಡ. ‘ವಂಶವೃಕ್ಷ’, ‘ಒಂದಾನೊಂದು ಕಾಲದಲ್ಲಿ’ ಚಿತ್ರಗಳಿಂದ ಕನ್ನಡಿಗರಿಗೆ ಪರಿಚಿತರಾದ ಭಾಸ್ಕರ್ ಚಂದಾವರ್ಕರ್ ಇದಕ್ಕೆ ಸಂಗೀತ ನೀಡಿದರು. ಕಾನ್ ಉತ್ಸವದ ವಿಮರ್ಶಕರ ಸಪ್ತಾಹದಲ್ಲೂ ಚಿತ್ರ ತೆರೆಕಂಡಿತು.

ತೊಂಬತ್ತರ ದಶಕದಲ್ಲಿ ಎ.ಕೆ. ಬೀರ್ ಅವರ ‘ಆದಿ ಮೀಮಾಂಸಾ’ ಬಂತು. ಒಂಟಿ ಹೆಣ್ಣುಗಳ ಬಾಳನ್ನು ಕುರಿತ ಸುಶಾಂತ ಮಿಶ್ರರ ‘ಇಂದ್ರಧನುರ ಛಾಇ’ 1995ರಲ್ಲಿ ಕಾನ್‌ನ ‘ಅನ್ ಸರ್ಟನ್ ರಿಗಾರ್ಡ್’ ವಿಭಾಗಕ್ಕೆ ಆಯ್ಕೆಯಾಯಿತು. ಆದರೆ ಹೊರಗೆ ಮನ್ನಣೆ ಪಡೆದ ಇಂಥ ಚಿತ್ರಗಳಿಗೆ ತವರಿನ ಟಾಕೀಸುಗಳಲ್ಲಿ ಜಾಗ ಸಿಕ್ಕಿದ್ದು ಅಪರೂಪ. ಪ್ರದರ್ಶನವಿಲ್ಲದ ಚಿತ್ರದ ಪ್ರತಿಗಳನ್ನು ಜೋಪಾನ ಮಾಡುವವರೂ ಇರಲಿಲ್ಲ.

ತೀರಾ ಕೆಟ್ಟುಹೋಗಿದ್ದ ‘ಮಾಯಾ ಮಿರಿಗ’ದ ನೆಗೆಟಿವನ್ನು ಫಿಲ್ಮ್ ಹೆರಿಟೇಜ್ ಫೌಂಡೇಶನ್ ಉಳಿಸಿಕೊಟ್ಟಿತು, 2024ರಲ್ಲಿ ಚಿತ್ರ ಇಟಲಿಯ ಬೊಲೋನ್ಯಾದಲ್ಲಿ ಮತ್ತೆ ತೆರೆಗೆ ಬಂತು. ಆ ಪೀಳಿಗೆಯ ಉಳಿದ ಚಿತ್ರಗಳಿಗೂ ಇಂಥ ಆರೈಕೆ ಸಲ್ಲಬೇಕು.