ಕ್ರಿಯೆಯ ವೇಗ: ಉರಿಗಾಮಿನ ಒಂದು ಪಾಠ

ಕಳೆದ ಮಾರ್ಗಶಿರದಲ್ಲಿ ಈ ಪುಟದ ವಾಚಕರಾದ ಗೃಹಿಣಿಯೊಬ್ಬರು ನನಗೊಂದು ಪ್ರಶ್ನೆಯನ್ನು ಬರೆದು ಕಳುಹಿಸಿದ್ದರು. "ವೈಶಾಖದಲ್ಲಿ ರುಬ್ಬಿಟ್ಟ ದೋಸೆಯ ಹಿಟ್ಟು ಬೆಳಗಾಗುವುದರೊಳಗೆ ಉಕ್ಕಿ ಪಾತ್ರೆಯಿಂದ ಚೆಲ್ಲುತ್ತದೆ. ಈಗಲೂ ಅದೇ ಅಕ್ಕಿ, ಅದೇ ಉದ್ದು, ರುಬ್ಬುವ ಕೈಯೂ ಅದೇ. ಆದರೂ ಹೊತ್ತು ಏರಿದರೂ ಹಿಟ್ಟು ಹುಳಿಯೇರದು. ಇದೇಕೆ?" ಪ್ರಶ್ನೆ ಅಡಿಗೆಯ ಮನೆಯದಾದರೂ, ಉತ್ತರವನ್ನು ಹುಡುಕಲು ನಾನು ವಾಚಕರನ್ನು ನಮ್ಮೂರಾದ ಉರಿಗಾಮಿಗೆ ಕರೆದೊಯ್ಯುತ್ತೇನೆ, ಏಕೆಂದರೆ ಈ ವಿಷಯದಲ್ಲಿ ನಮ್ಮೂರಿಗಿಂತ ದೊಡ್ಡ ಪಾಠಶಾಲೆಯನ್ನು ನಾನು ಕಂಡಿಲ್ಲ.

ವಸ್ತುಗಳೆರಡು ಕೂಡಿದರೆ ಏನಾಗುವುದೆಂಬುದು ಒಂದು ಪ್ರಶ್ನೆ. ಎಷ್ಟು ಬೇಗ ಆಗುವುದೆಂಬುದು ಬೇರೆಯೇ ಪ್ರಶ್ನೆ. ಕಬ್ಬಿಣಕ್ಕೆ ತುಕ್ಕು ಹಿಡಿಯುವುದೂ ಸೌದೆ ಉರಿಯುವುದೂ ಮೂಲದಲ್ಲಿ ಗಾಳಿಯೊಳಗಿನ ಆಮ್ಲಜನಕದೊಡನೆ ಕೂಡುವ ಕ್ರಿಯೆಗಳೇ. ಒಂದಕ್ಕೆ ವರ್ಷಗಳು ಬೇಕು, ಇನ್ನೊಂದಕ್ಕೆ ನಿಮಿಷಗಳು ಸಾಕು. ಈ ವೇಗವನ್ನು ಅಳೆಯುವ ಶಾಸ್ತ್ರ ಹಳೆಯದೇನೂ ಅಲ್ಲ. 1850ರಲ್ಲಿ ವಿಲ್ಹೆಲ್ಮಿ ಎಂಬ ಜರ್ಮನ್ ಪಂಡಿತನು ಆಮ್ಲ ಬೆರೆತ ನೀರಿನಲ್ಲಿ ಕಬ್ಬಿನ ಸಕ್ಕರೆ ಒಡೆಯುವುದನ್ನು ಅಳೆದು, ಉಳಿದಿರುವ ಸಕ್ಕರೆ ಎಷ್ಟೋ ಒಡೆಯುವ ವೇಗವೂ ಅದಕ್ಕೆ ತಕ್ಕಂತೆ ಎಂದು ತೋರಿಸಿದನು. 1864ರಲ್ಲಿ ನಾರ್ವೆಯ ಗುಲ್ಡ್‌ಬರ್ಗ್ ಮತ್ತು ವಾಗೆ ಎಂಬವರು, ಕೂಡುವ ವಸ್ತುಗಳ ಸಾಂದ್ರತೆಗೂ ಕ್ರಿಯೆಗೂ ಇರುವ ಸಂಬಂಧವನ್ನು ಸೂತ್ರವಾಗಿ ಹೇಳಿದರು. 1889ರಲ್ಲಿ ಸ್ವೀಡನ್ನಿನ ಅರೇನಿಯಸನು ಉಷ್ಣತೆಯ ರಹಸ್ಯವನ್ನು ವಿವರಿಸಿದನು.

ಆ ರಹಸ್ಯವೇ ದೋಸೆಯ ಹಿಟ್ಟಿಗೂ ಉತ್ತರ. ಅಣುಗಳು ಒಂದನ್ನೊಂದು ತಾಕಿದ ಮಾತ್ರಕ್ಕೆ ಕ್ರಿಯೆ ನಡೆಯುವುದಿಲ್ಲ. ನಡುವೆ ಒಂದು ದಿಣ್ಣೆಯುಂಟು, ಅದನ್ನು ಏರುವಷ್ಟು ಕಸುವುಳ್ಳ ಅಣುಗಳು ಮಾತ್ರ ಆಚೆಗೆ ದಾಟುತ್ತವೆ. ಉಷ್ಣತೆ ಸ್ವಲ್ಪ ಏರಿದರೆ ಹಾಗೆ ದಾಟಬಲ್ಲವುಗಳ ಸಂಖ್ಯೆ ಬಹಳವಾಗಿ ಹೆಚ್ಚುತ್ತದೆ. ಅನೇಕ ಕ್ರಿಯೆಗಳಲ್ಲಿ 10 ಡಿಗ್ರಿ ಏರಿದರೆ ವೇಗವು ಸುಮಾರು ಇಮ್ಮಡಿಯಾಗುವುದೆಂಬುದು ರೂಢಿಯ ಲೆಕ್ಕ. ಹಿಟ್ಟನ್ನು ಹುಳಿಗೊಳಿಸುವವು ಸೂಕ್ಷ್ಮಜೀವಿಗಳು. ಆದರೆ ಅವುಗಳ ಜೀವನವೂ ರಸಾಯನಕ್ರಿಯೆಗಳ ಸರಣಿಯೇ ಆದುದರಿಂದ ಚಳಿಯಲ್ಲಿ ಅವೂ ಮಂದವಾಗುತ್ತವೆ. ಪಾತ್ರೆಯನ್ನು ಒಲೆಯ ಬೆಚ್ಚನೆಯ ಮಗ್ಗುಲಲ್ಲಿ ಇರಿಸುವ ನಮ್ಮ ತಾಯಂದಿರು ಅರೇನಿಯಸನನ್ನು ಓದಿರಲಿಲ್ಲ. ಅವನು ಹೇಳಿದ್ದನ್ನು ಮಾತ್ರ ಬಲ್ಲವರಾಗಿದ್ದರು.

ಇನ್ನು ಉರಿಗಾಮಿನ ಮಾತು. ಒಮ್ಮೆ ನನ್ನ ಮೊಮ್ಮಗ ಸೈನೈಡ್ ದಿಬ್ಬಗಳನ್ನು ತೋರಿಸಿ, "ತಾತ, ಇಷ್ಟು ಮಣ್ಣನ್ನು ಇಲ್ಲಿ ಯಾರು ತಂದು ಸುರಿದರು?" ಎಂದು ಕೇಳಿದನು. "ಮಣ್ಣಲ್ಲವಪ್ಪಾ, ಅದು ಕಲ್ಲು. ಭೂಮಿಯ ಹೊಟ್ಟೆಯಿಂದ ತೆಗೆದು, ಹುಡಿಮಾಡಿ, ಚಿನ್ನವನ್ನು ಕಳೆದುಕೊಂಡ ಕಲ್ಲು" ಎಂದೆನು. "ಕಲ್ಲನ್ನು ಹುಡಿ ಮಾಡಿದ್ದೇಕೆ?" ಎಂಬುದು ಅವನ ಮರುಪ್ರಶ್ನೆ. ಪಾಠವೆಲ್ಲ ಇರುವುದು ಆ ಮರುಪ್ರಶ್ನೆಯಲ್ಲಿಯೇ.

1880ರಲ್ಲಿ ಜಾನ್ ಟೇಲರ್ ಕಂಪೆನಿಯವರು ಇಲ್ಲಿಗೆ ಬಂದಮೇಲೆ ಗಣಿಗಾರಿಕೆ ದೊಡ್ಡ ಪ್ರಮಾಣದಲ್ಲಿ ಬೆಳೆಯಿತು. 2001ರ ಫೆಬ್ರವರಿ 28ರಂದು ಗಣಿಗಳು ಮುಚ್ಚಿದುವು. ಈ ನಡುವೆ ಇಲ್ಲಿಂದ ಹೊರಬಂದ ಚಿನ್ನವು ಸುಮಾರು 800 ಟನ್ನು. ಆದರೆ ಕಲ್ಲಿನಲ್ಲಿ ಚಿನ್ನವು ಗಟ್ಟಿಗಟ್ಟಿಯಾಗಿ ಕುಳಿತಿರುವುದಿಲ್ಲ; ಒಂದು ಟನ್ನು ಕಲ್ಲಿಗೆ ಕೆಲವೇ ಗ್ರಾಂಗಳಂತೆ, ಕಣ್ಣಿಗೆ ಕಾಣದ ಕಣಗಳಾಗಿ ಹರಡಿರುತ್ತದೆ. ಹಿಂದೆ ಅದಿರನ್ನು ಉಕ್ಕಿನ ಒನಕೆಗಳಂತಹ ಯಂತ್ರಗಳಿಂದ ಕುಟ್ಟಿ, ಪಾದರಸ ಸವರಿದ ತಾಮ್ರದ ತಗಡುಗಳ ಮೇಲೆ ನೀರಿನೊಡನೆ ಹರಿಸುತ್ತಿದ್ದರು. ಚಿನ್ನದ ದಪ್ಪ ಕಣಗಳು ಪಾದರಸಕ್ಕೆ ಅಂಟುತ್ತಿದ್ದುವು; ಸೂಕ್ಷ್ಮಕಣಗಳು ಮರಳಿನೊಡನೆ ಹರಿದುಹೋಗುತ್ತಿದ್ದುವು.

ಹೀಗೆ ಹೋಗುತ್ತಿದ್ದುದನ್ನು ಹಿಡಿಯಲು ಬಂದುದು ಸೈನೈಡ್ ವಿಧಾನ. ಇದಕ್ಕೆ 1887ರಲ್ಲಿ ಗ್ಲಾಸ್ಗೋ ನಗರದ ಮ್ಯಾಕಾರ್ಥರ್ ಮತ್ತು ಫಾರೆಸ್ಟ್ ಸೋದರರು ಹಕ್ಕುಪತ್ರವನ್ನು ಪಡೆದರು. ಬೆಂಕಿಯಲ್ಲಿ ಕ್ಷಯಿಸದ, ಸಾಮಾನ್ಯ ಆಮ್ಲಗಳಿಗೆ ಬಗ್ಗದ ಸುವರ್ಣವು ತೀರ ತೆಳುವಾದ ಸೈನೈಡ್ ದ್ರಾವಣದಲ್ಲಿ ಕರಗುತ್ತದೆ! ಆದರೆ ಒಂದು ನಿಬಂಧನೆಯುಂಟು: ನೀರಿನಲ್ಲಿ ಆಮ್ಲಜನಕವಿರಬೇಕು. ಕರಗಿದ ಚಿನ್ನವನ್ನು ಆಮೇಲೆ ಸತುವಿನಿಂದ ಮರಳಿ ಪಡೆಯುತ್ತಾರೆ.

ಇಲ್ಲಿ ವೇಗದ ಕಾರಣಗಳೆಲ್ಲವೂ ಒಂದೊಂದಾಗಿ ತೋರಿಬರುತ್ತವೆ. ಮೊದಲನೆಯದು ಹುಡಿ. ಕ್ರಿಯೆ ನಡೆಯುವುದು ಘನವಸ್ತುವಿನ ಮೈಮೇಲೆಯೇ ಹೊರತು ಒಳಗಲ್ಲ. ಒಂದು ಸೆಂಟಿಮೀಟರ್ ಉದ್ದ, ಅಗಲ, ಎತ್ತರದ ಕಲ್ಲಿಗೆ ಆರು ಮುಖಗಳು. ಮೈಯ ವಿಸ್ತಾರ 6 ಚದರ ಸೆಂಟಿಮೀಟರ್. ಅದನ್ನೇ ಒಂದೊಂದು ಮಿಲಿಮೀಟರಿನ ಘನಗಳಾಗಿ ಕತ್ತರಿಸಿದರೆ ಸಾವಿರ ಚೂರುಗಳಾಗಿ, ವಿಸ್ತಾರವು 60 ಆಗುತ್ತದೆ. ಮಿಲಿಮೀಟರಿನ ಹತ್ತರಲ್ಲೊಂದು ಪಾಲಿಗೆ ಇಳಿಸಿದರೆ ಹತ್ತು ಲಕ್ಷ ಚೂರುಗಳು, 600 ಚದರ ಸೆಂಟಿಮೀಟರ್! ಕಲ್ಲು ಒಂದು ರವೆಯೂ ಹೆಚ್ಚಲಿಲ್ಲ. ಮೈ ಮಾತ್ರ ನೂರು ಮಡಿಯಾಯಿತು. ಕಲ್ಲುಸಕ್ಕರೆ ಹಾಲಿನಲ್ಲಿ ತಡೆದು ಕರಗುವುದೂ, ಪುಡಿಸಕ್ಕರೆ ಒಡನೆಯೇ ಕರಗುವುದೂ, ಕೊರಡಿಗಿಂತ ಮೊದಲು ಚಕ್ಕೆಗೆ ಬೆಂಕಿ ಹತ್ತುವುದೂ ಇದರಿಂದಲೇ. ನಮ್ಮ ರಸಶಾಸ್ತ್ರದ ವೈದ್ಯರು ಖಲ್ವದಲ್ಲಿ ಮರ್ದನಮಾಡಿ, ಬಳಿಕ ಪುಟವಿಡುವ ಕ್ರಮದಲ್ಲಿಯೂ ಅರೆಯುವುದು, ಕಾಯಿಸುವುದು ಎಂಬ ಎರಡು ಉಪಾಯಗಳೇ ಇವೆಯಲ್ಲವೆ? ಸತುವಿನ ವಿಷಯದಲ್ಲಿಯೂ ಹಾಗೆಯೇ: ಮೊದಲು ಸತುವಿನ ಹೆರೆಗಳನ್ನು ಬಳಸುತ್ತಿದ್ದವರು ಮುಂದೆ ಸತುವಿನ ಹುಡಿಗೆ ಬಂದರು.

ಎರಡನೆಯದು ಸಾಂದ್ರತೆ. ಸೈನೈಡು ಹೆಚ್ಚಿದಂತೆ ಚಿನ್ನ ಬೇಗ ಕರಗುತ್ತದೆ. ಆದರೆ ಒಂದು ಮಿತಿಯವರೆಗೆ ಮಾತ್ರ. ಅದನ್ನು ದಾಟಿದಮೇಲೆ ಇನ್ನೆಷ್ಟು ಸುರಿದರೂ ವ್ಯರ್ಥ; ಆಗ ಕೊರತೆ ಬೀಳುವುದು ಆಮ್ಲಜನಕಕ್ಕೆ. 25 ಡಿಗ್ರಿಯಲ್ಲಿ ಗಾಳಿ ತಾಕಿದ ಒಂದು ಲೀಟರು ನೀರಿನಲ್ಲಿ ಕರಗಿರುವ ಆಮ್ಲಜನಕ ಸುಮಾರು 8 ಮಿಲಿಗ್ರಾಂ ಮಾತ್ರ. ಮನೆಯಲ್ಲಿ ಹತ್ತು ಮಂದಿ ತರಕಾರಿ ಹೆಚ್ಚುವವರಿದ್ದು ಒಲೆಯೊಂದೇ ಇದ್ದರೆ ಅಡಿಗೆ ಬೇಗನಾದೀತೆ? ಆದುದರಿಂದಲೇ ದ್ರಾವಣದೊಳಕ್ಕೆ ಗಾಳಿಯನ್ನು ಊದುತ್ತಾರೆ. ಜೊತೆಗೆ ಕಲಕುತ್ತಲೂ ಇರುತ್ತಾರೆ. ಕಲಕದಿದ್ದರೆ ಕಣದ ಸುತ್ತಲಿನ ನೀರು ತನ್ನ ಸತ್ತ್ವವನ್ನು ಕಳೆದುಕೊಂಡು ಅಲ್ಲಿಯೇ ನಿಲ್ಲುತ್ತದೆ.

ಮೂರನೆಯದು ಉಷ್ಣತೆ. ಬಿಸಿಮಾಡಿದರೆ ಕ್ರಿಯೆ ಚುರುಕಾಗಬೇಕು, ನಿಜ. ಆದರೆ ನೀರು ಕಾದಷ್ಟೂ ಅದರೊಳಗಿನ ಆಮ್ಲಜನಕ ಹೊರಟುಹೋಗುತ್ತದೆ. ಒಂದು ಕೈಯಿಂದ ಕೊಟ್ಟುದನ್ನು ಪ್ರಕೃತಿ ಇನ್ನೊಂದು ಕೈಯಿಂದ ಕಿತ್ತುಕೊಳ್ಳುತ್ತಾಳೆ. ಕಾಯಿಸುವ ವೆಚ್ಚಕ್ಕೆ ತಕ್ಕ ಲಾಭವಿಲ್ಲದುದರಿಂದ ಸಾಮಾನ್ಯವಾಗಿ ಈ ಕೆಲಸವನ್ನು ವಾತಾವರಣದ ಉಷ್ಣತೆಯಲ್ಲಿಯೇ ನಡೆಸುತ್ತಾರೆ.

ನಾಲ್ಕನೆಯದು ಕ್ರಿಯಾವರ್ಧಕ. ಇದು ಕ್ರಿಯೆ ದಾಟಬೇಕಾದ ದಿಣ್ಣೆಯನ್ನು ತಗ್ಗಿಸುವ ಅಥವಾ ಬೇರೆ ದಾರಿಯನ್ನು ತೋರಿಸುವ ವಸ್ತು. ತಾನು ಮಾತ್ರ ಕೊನೆಯಲ್ಲಿ ವೆಚ್ಚವಾಗದೆ ಉಳಿಯುತ್ತದೆ. ಅವಲಕ್ಕಿಯನ್ನು ಬಾಯಲ್ಲಿಟ್ಟು ಬಹಳ ಹೊತ್ತು ಅಗಿದು ನೋಡಿ, ಸಿಹಿಯಾಗುತ್ತದೆ. ಜೊಲ್ಲಿನೊಳಗಿನ ಕಿಣ್ವವು ಪಿಷ್ಟವನ್ನು ಸಕ್ಕರೆಯಾಗಿ ಒಡೆಯುತ್ತದೆ. ಹಾಲಿಗೆ ಹಾಕುವ ಹೆಪ್ಪು ಇಂತಹುದೇ ಎಂದು ತೋರಿದರೂ ಅದು ಬೇರೆ. ಹೆಪ್ಪಿನಲ್ಲಿರುವುದು ಜೀವಿಗಳು, ಅವು ತಾವೇ ಬೆಳೆದು ಹೆಚ್ಚುತ್ತವೆ.

ಕ್ರಿಯೆಯನ್ನು ತ್ವರೆಗೊಳಿಸುವುದೊಂದೇ ವಿದ್ಯೆಯಲ್ಲ, ತಡೆಯುವುದೂ ವಿದ್ಯೆಯೇ. ಸೈನೈಡ್ ದ್ರಾವಣಕ್ಕೆ ಆಮ್ಲ ಸೋಂಕಿದರೆ ಪ್ರಾಣಾಂತಕವಾದ ವಿಷವಾಯು ಹೊರಡುತ್ತದೆ. ಅದು ಹೊರಡದಂತೆ ಸುಣ್ಣವನ್ನು ಬೆರೆಸಿ ದ್ರಾವಣವನ್ನು ಕ್ಷಾರವಾಗಿಯೇ ಇರಿಸುತ್ತಾರೆ. ಎಲೆಯಡಿಕೆಯ ತಟ್ಟೆಯಲ್ಲಿರುವ ಆ ಸುಣ್ಣವೇ ಅಲ್ಲಿ ಕಾವಲುಗಾರ.

ಇಲ್ಲಿಯವರೆಗೆ ಹೇಳಿದುದು ಚಿನ್ನದ ಕಥೆ. ಕಲ್ಲಿನ ಕಥೆ ಇನ್ನೂ ಉಳಿದಿದೆ. ಚಿನ್ನವನ್ನು ಒಪ್ಪಿಸಿದ ನಿಯಮವೇ ಮನುಷ್ಯನಿಂದ ಬೇರೊಂದನ್ನು ವಸೂಲುಮಾಡಿತು. ಇಲ್ಲಿಯ ಚಿನ್ನವಿದ್ದುದು ಬೆಣಚುಕಲ್ಲಿನಲ್ಲಿ. ಬೆಣಚುಕಲ್ಲಿನ ಗುಂಡು ನಿರಪಾಯವಾದುದು. ಮಕ್ಕಳು ಅದನ್ನು ಉಜ್ಜಿ ಕಿಡಿ ತೆಗೆಯುತ್ತಾರೆ. ಆದರೆ ಅದೇ ಕಲ್ಲು ಕೊರೆಯುವಾಗಲೂ ಕುಟ್ಟುವಾಗಲೂ ಕಣ್ಣಿಗೆ ಕಾಣದ ಧೂಳಾಗಿ ಎದೆಯೊಳಗೆ ಇಳಿದರೆ, ಅದರ ಮೈಯೆಲ್ಲವೂ ಶ್ವಾಸಕೋಶಕ್ಕೆ ತಾಕುತ್ತದೆ. ಆಗತಾನೆ ಒಡೆದ ಕಲ್ಲಿನ ಮೈ ಹಳೆಯ ಧೂಳಿಗಿಂತಲೂ ಉಗ್ರವೆಂದು ವೈದ್ಯರು ಕಂಡುಕೊಂಡಿದ್ದಾರೆ. ಹೀಗೆ ಬರುವ ರೋಗಕ್ಕೆ ಸಿಲಿಕೋಸಿಸ್ ಎಂದು ಹೆಸರು. ಭಾರತದಲ್ಲಿ ಅದು ಮೊದಲು ವರದಿಯಾದುದು ಕೋಲಾರದ ಚಿನ್ನದ ಗಣಿಗಳಿಂದ, 1947ರಲ್ಲಿ, ಎಂದು ವೈದ್ಯಗ್ರಂಥಗಳಲ್ಲಿ ದಾಖಲಾಗಿದೆ. ಇದರಲ್ಲಿ ಮೋಸವಿರುವುದು ವೇಗದಲ್ಲಿಯೇ. ಚಿನ್ನ ಗಂಟೆ ದಿನಗಳಲ್ಲಿ ಕರಗುತ್ತದೆ; ಈ ರೋಗ ತಲೆಹಾಕಲು ಅನೇಕ ವೇಳೆ ಹತ್ತು ಇಪ್ಪತ್ತು ವರ್ಷಗಳು ಬೇಕು. ಧೂಳು ಕುಡಿದ ದಿನ ಮನುಷ್ಯನು ಏನೂ ಆಗಲಿಲ್ಲವೆಂದೇ ಭಾವಿಸಿ ಮನೆಗೆ ಬಂದು ಉಂಡು ಮಲಗುತ್ತಾನೆ. ಮಂದವಾಗಿ ನಡೆಯುವುದನ್ನು ನಡೆಯುತ್ತಲೇ ಇಲ್ಲವೆಂದು ತಿಳಿಯುವುದು ಮನುಷ್ಯರ ದೊಡ್ಡ ಭ್ರಾಂತಿ. ನಾನು ಬಾಲ್ಯದಲ್ಲಿ ಕಂಡ ಎಷ್ಟೋ ಮನೆಗಳ ಜಗುಲಿಗಳಲ್ಲಿ ನಸುಕಿನ ಕೆಮ್ಮು ಕೋಳಿಯ ಕೂಗಿಗಿಂತ ಮೊದಲು ಏಳುತ್ತಿತ್ತು. ಅದರ ಅರ್ಥ ನನಗೆ ತಿಳಿದುದು ಬಹಳ ಕಾಲದ ಮೇಲೆ.

ದಿಬ್ಬಗಳು ಇಂದಿಗೂ ನಿಂತಿವೆ. 2024ರ ಜೂನಿನಲ್ಲಿ ರಾಜ್ಯದ ಸಚಿವಸಂಪುಟವು ಅವುಗಳಲ್ಲಿ 13 ದಿಬ್ಬಗಳಿಂದ ಉಳಿದ ಚಿನ್ನವನ್ನು ತೆಗೆಯುವ ಕೇಂದ್ರದ ಪ್ರಸ್ತಾವಕ್ಕೆ ಒಪ್ಪಿಗೆಯನ್ನು ಕೊಟ್ಟಿತು. ಕಲ್ಲು ಆಗಲೇ ಹುಡಿಯಾಗಿರುವುದರಿಂದ ಕುಟ್ಟುವ ಶ್ರಮ ಬಹುಮಟ್ಟಿಗೆ ಉಳಿಯಿತು; ದಿಬ್ಬಕ್ಕೆ ಬೆಲೆ ಬಂದುದಕ್ಕೆ ಇದೂ ಒಂದು ಕಾರಣ. ಊರಿನ ಜನಕ್ಕೆ ಕೆಲಸ ದೊರೆತರೆ ನನಗಿಂತ ಸಂತೋಷಪಡುವವರು ಯಾರು? ಆದರೆ ಹುಡಿಯು ಚಿನ್ನಕ್ಕೆ ಹೇಗೋ ಗಾಳಿಗೂ ಹಾಗೆಯೇ ಸುಲಭ. ಕೆಲಸ ತೊಡಗುವ ದಿನ, "ಎಷ್ಟು ಗ್ರಾಂ ಚಿನ್ನ?" ಎಂಬ ಪ್ರಶ್ನೆಯ ಜೊತೆಗೇ, "ಧೂಳಿಗೆ ನೀರು ಹಾಕುವವರು ಯಾರು? ಬಳಿಕ ಉಳಿದ ಮರಳಿಗೆ ಹಸುರು ಹೊದಿಸುವವರು ಯಾರು?" ಎಂದೂ ನಾವು ಕೇಳಬೇಕು. ಅಲ್ಲಿಯವರೆಗೆ, ಬೇಸಗೆಯ ಗಾಳಿ ಎದ್ದಾಗ ದಿಬ್ಬದ ಕಡೆಯ ಕಿಟಕಿಯನ್ನು ಮುಚ್ಚುವುದು, ನೆಲವನ್ನು ಒಣಪೊರಕೆಯಿಂದ ಗುಡಿಸದೆ ಒದ್ದೆಬಟ್ಟೆಯಿಂದ ಒರಸುವುದು, ಮಕ್ಕಳನ್ನು ದಿಬ್ಬದ ಮೇಲೆ ಜಾರುವ ಆಟಕ್ಕೆ ಬಿಡದಿರುವುದು, ಇಷ್ಟು ನಮ್ಮ ಕೈಯಲ್ಲಿಯೇ ಇದೆ.

ಪ್ರಶ್ನೆ ಕೇಳಿದ ಸೋದರಿಯು ಹಿಟ್ಟಿನ ಪಾತ್ರೆಯನ್ನು ಬೆಚ್ಚಗೆ ಇರಿಸಲಿ, ದೋಸೆ ಸರಿಹೋಗುತ್ತದೆ. ನನ್ನ ಮೊಮ್ಮಗನಿಗೆ ನಾನು ಹೇಳಿದ ಉತ್ತರವೂ ಇಷ್ಟೇ: "ಕಲ್ಲನ್ನು ಹುಡಿಮಾಡಿದ್ದು ಬೇಗ ಆಗಲೆಂದು, ಮಗು. ಹಾಗೆ ಹುಡಿಮಾಡಿದುದನ್ನು ಮರಳಿ ಕಲ್ಲುಮಾಡುವ ವಿದ್ಯೆ ಮಾತ್ರ ನಮಗೆ ಬಾರದು. ಅದರಿಂದ ಅದನ್ನು ಕಾಯುವ ಹೊಣೆ ನಮ್ಮದು."